ಬೇಕಂತಲೇ ಸುರಿದ ನೀರು

ಪೇಟೆ ಬೀದಿಯ ಆ ಕನ್ನಡಕದ ಅಂಗಡಿಗೆ ಎರಡು ಬಾಗಿಲು. ಎಡಗಡೆಯದು ಅಕ್ಕನದು, ಬಲಗಡೆಯದು ತಂಗಿಯದು. ಅಪ್ಪ ಇದ್ದಾಗ ಎಲ್ಲ ಒಂದೇ ಆಗಿತ್ತು. ಅವರು ಹೋದ ಮೇಲೆ ನಡುವೆ ಹಲಗೆಯ ಗೋಡೆಯೊಂದು ಎದ್ದಿತು. ಜಗಳವಾಡಿ ಎದ್ದ ಗೋಡೆಯಲ್ಲ. ತಂಗಿ ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಬಂದಿದ್ದಳು, ಅದಕ್ಕೊಂದು ಕತ್ತಲೆ ಕೋಣೆ ಬೇಕಿತ್ತು, ಅಷ್ಟೇ. ಹಿಂದುಗಡೆ ಇಬ್ಬರೂ ಓಡಾಡಲು ಚಿಕ್ಕದೊಂದು ಬಾಗಿಲು ಬಿಟ್ಟುಕೊಂಡಿದ್ದರು.

ಅಕ್ಕನಿಗೆ ಐವತ್ತನಾಲ್ಕು. ಹದಿನೇಳನೆಯ ವಯಸ್ಸಿಗೆ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಗಾಜು ಉಜ್ಜಲು ಕಲಿತವಳು. ತಿರುಗುವ ಸಾಣೆಕಲ್ಲಿಗೆ ಗಾಜಿನ ಅಂಚು ಒತ್ತಬೇಕು, ಫ್ರೇಮಿಗೆ ಹಿಡಿದು ನೋಡಬೇಕು, ಮತ್ತೆ ಕೂದಲೆಳೆಯಷ್ಟು ಉಜ್ಜಬೇಕು. ಕೊನೆಗೆ ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಕೂರಬೇಕು. ಸಡಿಲವಾದರೆ ಬೀಳುತ್ತದೆ, ಬಿಗಿಯಾದರೆ ಬಿರಿಯುತ್ತದೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಕೈ ಬಿಡುವಿರಲಿಲ್ಲಪ್ಪ" ಅನ್ನುತ್ತಿದ್ದಳು. ಅದು ಪೂರ್ತಿ ತಮಾಷೆಯಾಗಿರಲಿಲ್ಲ. ಅಮ್ಮ ಬೇಗ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ. ಅವಳಿಗೆ ಜಡೆ ಹಾಕಿ, ಊಟ ಮಾಡಿಸಿ, ಪಾಠ ಹೇಳಿಕೊಟ್ಟು, ಕೋರ್ಸಿಗೆ ಕಳಿಸಿ, ಒಳ್ಳೆಯ ಕಡೆ ಮದುವೆ ಮಾಡಿಕೊಟ್ಟವಳು ಅಕ್ಕನೇ. ನಲವತ್ತಾದರೂ ತಂಗಿ ಅವಳ ಬಾಯಲ್ಲಿ ಇನ್ನೂ 'ಪುಟ್ಟಿ'.

ಆ ಪುಟ್ಟಿ ಒಂದು ದಿನ ಗಾಜು ಕತ್ತರಿಸುವ ಯಂತ್ರ ತರಿಸಿದಳು. ಫ್ರಿಜ್ಜಿನ ಅರ್ಧದಷ್ಟಿತ್ತು, ಬಿಳಿ ಬಣ್ಣ, ಮುಂದೊಂದು ಪುಟ್ಟ ಪರದೆ. ಗಾಜು ಇಟ್ಟು ಗುಂಡಿ ಒತ್ತಿದರೆ ಒಳಗೆ ನೀರು ಚಿಮ್ಮುತ್ತ ಅದರ ಪಾಡಿಗೆ ಅದು ಉಜ್ಜಿ, ಪೀಂ ಎಂದು ಕರೆಯುತ್ತಿತ್ತು. ಅಕ್ಕ ಮುಕ್ಕಾಲು ಗಂಟೆ ಮಾಡುವುದನ್ನು ಅದು ಐದು ನಿಮಿಷದಲ್ಲಿ ಮುಗಿಸುತ್ತಿತ್ತು.

ಮೊದಲ ತಿಂಗಳು ಅಕ್ಕ ನೋಡಿ ನಕ್ಕಳು. ಎರಡನೆಯ ತಿಂಗಳು ಅವಳ ಕಡೆಯ ಬೆಂಚು ಖಾಲಿಯಾಗತೊಡಗಿತು. ಮೂರನೆಯ ತಿಂಗಳಲ್ಲಿ ಒಂದು ಬೆಳಗ್ಗೆ, ಮೂವತ್ತು ವರ್ಷದಿಂದ ಅವಳ ಕೈಯ ಕನ್ನಡಕವನ್ನೇ ಹಾಕುತ್ತಿದ್ದ ನಿವೃತ್ತ ಮೇಷ್ಟ್ರು ಬಲಗಡೆಯ ಬಾಗಿಲಿಂದ ಹೊರಬಂದು, ಹೊಸ ಕನ್ನಡಕ ಏರಿಸಿಕೊಂಡು, ಎಡಗಡೆ ಇಣುಕಿ, "ಏನಮ್ಮಾ, ಅಂಚು ಸವರಿ ನೋಡು, ಬೆಣ್ಣೆ ಇದ್ದ ಹಾಗಿದೆ!" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಹಿಂದೆಯೇ ತಂಗಿ ಬಂದಳು. ಅಕ್ಕನ ಹೆಗಲ ಮೇಲೆ ಕೈಯಿಟ್ಟು, "ಅಕ್ಕ, ಇನ್ನು ಆ ಕಲ್ಲಿನ ಮುಂದೆ ಬೆನ್ನು ಬಗ್ಗಿಸೋದು ಸಾಕು ಬಿಡೇ. ನನ್ನ ಕಡೆ ಬಂದು ಕೌಂಟರಲ್ಲಿ ಕೂತ್ಕೋ. ಬಂದವರನ್ನ ಮಾತಾಡಿಸ್ತಾ ಇದ್ರೆ ಆಯ್ತು," ಎಂದಳು.

ಬೈದಿದ್ದರೆ ಅಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ಇದು ಪ್ರೀತಿಯಿಂದ ಬಂದ ಮಾತು. ಎಲ್ಲಿ ಉಗುಳುವುದು, ಹೇಗೆ ನುಂಗುವುದು ತಿಳಿಯದೆ, "ನೋಡೋಣ" ಎಂದಳು.

ಮಧ್ಯಾಹ್ನ ಒಂದೂವರೆಗೆ ತಂಗಿ ಶಟರ್ ಎಳೆದು ಊಟಕ್ಕೆ ಹೋದಳು. ಅಕ್ಕ ಡಬ್ಬಿ ತೆರೆಯಲೇ ಇಲ್ಲ. ಸಾಣೆಕಲ್ಲಿನ ಕೆಳಗೆ ನೀರು ಬೀಳುವ ಬಕೆಟ್ಟಿನಲ್ಲಿ ಗಾಜಿನ ಪುಡಿ ಕಲೆತು ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಅದನ್ನು ಚೆಲ್ಲಲೆಂದೇ ಎತ್ತಿಕೊಂಡಳು. ಹಿತ್ತಲ ಮೋರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು.

ಚಿಕ್ಕ ಬಾಗಿಲು ದಾಟಿ ಯಂತ್ರದ ಮುಂದೆ ನಿಂತಳು. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಒಳಗೆ ತಂತಿಗಳು, ಹಸಿರು ಹಲಗೆಗಳು. ಬಕೆಟ್ಟನ್ನು ಬಗ್ಗಿಸಿದಳು. ಅವಸರವಿಲ್ಲದೆ, ಕುಂಡಕ್ಕೆ ನೀರು ಹಾಕುವವರ ಹಾಗೆ, ತಳದ ಗಸಿ ಇಳಿಯುವ ತನಕ ಸುರಿದಳು. ಆಮೇಲೆ ಸ್ವಿಚ್ಚು ಹಾಕಿದಳು. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಸ್ವಿಚ್ಚು ಆರಿಸಿ, ಹೊದಿಕೆ ಮುಚ್ಚಿ, ನೆಲಕ್ಕೆ ಬಿದ್ದ ಹನಿಗಳನ್ನು ಬಟ್ಟೆಯಿಂದ ಒರೆಸಿ ತನ್ನ ಕಡೆಗೆ ಬಂದಳು. ಎಲ್ಲ ಸೇರಿ ಐದು ನಿಮಿಷ ಹಿಡಿದಿರಬೇಕು. ಕೂತು ಡಬ್ಬಿ ತೆರೆದು ಊಟವನ್ನೂ ಮಾಡಿದಳು. ಆ ಊಟ ರುಚಿಸಿತು ಎನ್ನುವುದು ಮುಂದೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ಮರುದಿನ ಕಂಪನಿಯ ಇಂಜಿನಿಯರ್ ಬಂದು ಬಿಚ್ಚಿ ನೋಡಿ ತಲೆಯಾಡಿಸಿದ. "ಇದು ಪೈಪ್ ಸೋರಿದ್ದಲ್ಲ ಮೇಡಂ. ಯಾರೋ ಹೊದಿಕೆ ತೆಗೆದು, ಮೇಲಿಂದ ಗಾಜಿನ ಪುಡಿ ನೀರು ಸುರಿದಿದ್ದಾರೆ. ಮತ್ತೆ ಮುಚ್ಚಿಟ್ಟಿದ್ದಾರೆ. ಬೇರಿಂಗೂ ಹೋಯ್ತು, ಬೋರ್ಡೂ ಹೋಯ್ತು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತಂಗಿ ತನ್ನತ್ತ ತಿರುಗಿದಾಗ, ಈಗ ಕೇಳುತ್ತಾಳೆ, ಕೇಳಿದ ಕೂಡಲೇ ಹೇಳಿಬಿಡುತ್ತೇನೆ ಅಂದುಕೊಂಡಳು. ತಂಗಿ ಕೇಳಿದ್ದು ಬೇರೆ.

"ಅಕ್ಕ, ನಿನ್ನೆ ಮಧ್ಯಾಹ್ನ ತಿರುಪಣ್ಣ ಬಂದಿದ್ನಾ?"

ಬಂದಿದ್ದ. ತಿರುಪಣ್ಣ ಆ ಬೀದಿಯ ಮೆಕ್ಯಾನಿಕ್ಕು. ಮಾತಾಡುವಾಗಲೂ ತುಟಿಯ ಸಂದಿಯಲ್ಲಿ ಒಂದು ತಿರುಪು ಮೊಳೆ ಇಟ್ಟುಕೊಂಡಿರುತ್ತಿದ್ದರಿಂದ ಆ ಹೆಸರು. ಹೊಲಿಗೆ ಯಂತ್ರ, ತಕ್ಕಡಿ, ಫ್ಯಾನು, ಅಕ್ಕನ ಸಾಣೆಕಲ್ಲಿನ ಮೋಟಾರು, ಎಲ್ಲಕ್ಕೂ ಅವನೇ ವೈದ್ಯ. ಹೊಸ ಯಂತ್ರದ ನೀರಿನ ಪೈಪನ್ನು ಕೂರಿಸಿಕೊಟ್ಟವನೂ ಅವನೇ. ಆದರೆ ಕಳೆದ ವಾರ ತಂಗಿ, "ಇನ್ನು ಇದರ ಉಸ್ತುವಾರಿ ಕಂಪನಿಯವರದು, ನೀವು ಮುಟ್ಟಬೇಡಿ" ಎಂದಿದ್ದಕ್ಕೆ ಅವನಿಗೆ ಮುಖಕ್ಕೆ ಹೊಡೆದ ಹಾಗಾಗಿತ್ತು. ನಾಲ್ಕು ಜನರ ಎದುರೇ, "ನೋಡ್ತಾ ಇರಿ, ಇದು ಇನ್ನು ಮೂರು ತಿಂಗಳೂ ಬಾಳಲ್ಲ" ಎಂದು ಹೋಗಿದ್ದ. ನಿನ್ನೆ, ಶಟರ್ ಎಳೆಯುವ ಸ್ವಲ್ಪ ಮುಂಚೆ, ಬಿಟ್ಟುಹೋಗಿದ್ದ ಸ್ಪ್ಯಾನರ್ ತೆಗೆದುಕೊಳ್ಳಲು ಹಿತ್ತಲ ದಾರಿಯಿಂದ ಬಂದುಹೋಗಿದ್ದ.

"ಬಂದಿದ್ದ, ಸ್ಪ್ಯಾನರ್‌ಗೆ..." ಎಂದಳು ಅಕ್ಕ.

ಸುಳ್ಳಲ್ಲ. ಅಷ್ಟು ನಿಜ ಹೇಳಿದ್ದೇ ತಪ್ಪಾಯಿತು.

ಸಂಜೆಯೊಳಗೆ ತಂಗಿ ಠಾಣೆಯಲ್ಲಿ ದೂರು ಕೊಟ್ಟಳು. ಮರುದಿನ ಬೆಳಗ್ಗೆ ತಿರುಪಣ್ಣನನ್ನು ವಿಚಾರಣೆಗೆ ಕರೆಸಿದರು. ಹೊಡೆಯಲಿಲ್ಲ, ಬಡಿಯಲಿಲ್ಲ. ಬೆಳಗಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರು, ಮತ್ತೆ ಮರುದಿನ ಬಾ ಎಂದರು. ಠಾಣೆ ಇದ್ದದ್ದು ಪೇಟೆ ಬೀದಿಯ ತುದಿಯಲ್ಲೇ. ತರಕಾರಿಗೆ ಹೋದವರು, ಔಷಧಿಗೆ ಹೋದವರು ಎಲ್ಲರೂ ವರಾಂಡದಲ್ಲಿ ಕೂತ ಅವನನ್ನು ಕಂಡರು.

ಮೂರನೆಯ ದಿನ ಅವನ ಹೆಂಡತಿ ಅಕ್ಕನ ಬಾಗಿಲಿಗೆ ಬಂದಳು. ಶಾಲೆಯೊಂದರಲ್ಲಿ ಆಯಾ ಕೆಲಸ ಮಾಡುವ ಹೆಂಗಸು. ಕೂರಿ ಎಂದರೂ ಕೂರಲಿಲ್ಲ.

"ಅಕ್ಕೋರೇ, ನಮ್ಮವರಿಗೆ ಬಾಯಿ ಜೋರು, ಒಪ್ಕೋತೀನಿ. ಆದ್ರೆ ಯಂತ್ರ ಅಂದ್ರೆ ಅವರಿಗೆ ಮಕ್ಕಳ ಥರ. ಬೀದಿಲಿ ಬಿದ್ದಿರೋ ಕೆಟ್ಟ ಗಡಿಯಾರನೂ ಎತ್ಕೊಂಡು ಬರ್ತಾರೆ. ಅಂಥವರು ಒಡೀತಾರಾ? ನೀವು ನಿಮ್ಮ ತಂಗಿಗೆ ಒಂದು ಮಾತು ಹೇಳಿ. ನೀವು ಹೇಳಿದ್ರೆ ಅವರು ತೆಗೆದುಹಾಕಲ್ಲ."

"ಹೇಳ್ತೀನಿ."

"ಖಂಡಿತ ಹೇಳ್ತೀರಲ್ಲ?"

"ಹೇಳ್ತೀನಮ್ಮ, ನೀನು ಹೋಗು."

ಹೇಳಲಿಲ್ಲ. ಅವತ್ತು ಸಂಜೆ ತಂಗಿಯ ಕಡೆಗೆ ಹೋಗಿ ಎರಡು ಸಲ ಬಾಯಿ ತೆರೆದಳು. ಒಂದು ಸಲ ಫ್ರೇಮುಗಳ ಧೂಳಿನ ಬಗ್ಗೆ ಮಾತಾಡಿದಳು, ಇನ್ನೊಂದು ಸಲ ಸೆಕೆಯ ಬಗ್ಗೆ.

ಅಂದಿನಿಂದ ಅವಳ ಕೈ ಕೆಟ್ಟಿತು. ಕಣ್ಣು ಮುಚ್ಚಿ ಉಜ್ಜಬಲ್ಲವಳು ಒಂದೇ ವಾರದಲ್ಲಿ ಆರು ಗಾಜು ಒಡೆದಳು. ಯಂತ್ರ ಹಾಳಾದ್ದರಿಂದ ಗಿರಾಕಿಗಳೆಲ್ಲ ಮತ್ತೆ ಅವಳ ಬೆಂಚಿಗೇ ಬಂದಿದ್ದರು. ಬೇಕಾಗಿದ್ದು ಅದೇ ತಾನೇ? ಈಗ ಒಬ್ಬೊಬ್ಬರು ಬಂದು ಕೂತಾಗಲೂ ಕದ್ದ ಮಾಲು ತಂದು ಮುಂದಿಟ್ಟ ಹಾಗೆ ಅನ್ನಿಸುತ್ತಿತ್ತು. ತಂಗಿ ಬೇರೆ, "ನೀನಿಲ್ಲದೆ ಇದ್ರೆ ಬಾಗಿಲು ಹಾಕ್ಬೇಕಾಗಿತ್ತು ಅಕ್ಕ" ಎಂದು ಎರಡು ಹೊತ್ತೂ ಕಾಫಿ ತಂದಿಡುತ್ತಿದ್ದಳು. ಅಕ್ಕ ಅದನ್ನು ಕುಡಿದು ಲೋಟ ತೊಳೆದಿಡುತ್ತಿದ್ದಳು.

ತಿರುಪಣ್ಣನ ಮೇಲೆ ಸಾಕ್ಷಿ ಸಿಗಲಿಲ್ಲ. ಕರೆದಾಗ ಬರಬೇಕು ಎಂದು ಹೇಳಿ ಕಳಿಸಿದ್ದರು. ಆದರೆ ಪೇಟೆ ಬೀದಿಗೆ ಸಾಕ್ಷಿ ಬೇಕಿರಲಿಲ್ಲ. ದರ್ಜಿ ತನ್ನ ಯಂತ್ರವನ್ನು ಬೇರೆ ಕಡೆ ಒಯ್ದ. ಹಿಟ್ಟಿನ ಗಿರಣಿಯವನು, "ಈಗೇನೂ ರಿಪೇರಿ ಇಲ್ಲ" ಎಂದ. ಹದಿನೈದು ದಿನ ಕಳೆದು ಅಕ್ಕ ಅವನ ಗೂಡಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಒಂದೂ ಯಂತ್ರವಿರಲಿಲ್ಲ. ಸಲಕರಣೆಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿಕೊಂಡು ಅವನು ಸುಮ್ಮನೆ ಕೂತಿದ್ದ. ಬಾಯಲ್ಲಿ ತಿರುಪು ಇರಲಿಲ್ಲ. ತಲೆ ತಗ್ಗಿಸಿ ದಾಟಿಬಿಡೋಣ ಎಂದುಕೊಂಡಳು. ಅವನೇ ಕರೆದ.

"ಅಕ್ಕೋರೇ, ನಾನು ಮಾಡಿಲ್ಲ ಅಂತ ನಿಮಗಾದ್ರೂ ನಂಬಿಕೆ ಇದೆ ತಾನೇ?"

"ಇದೆ," ಎಂದಳು.

ಅವನ ಮುಖ ಅರಳಿತು. "ಸಾಕು ಬಿಡಿ. ನಿಮ್ಮಪ್ಪನ ಕಾಲದಿಂದ ನೋಡಿದೋರು ನೀವು. ನಿಮ್ಮೊಬ್ರಿಗೆ ನಂಬಿಕೆ ಇದ್ರೆ ನನಗೆ ಅಷ್ಟೇ ಸಾಕು."

ಅಕ್ಕ ಅಲ್ಲಿಂದ ಹೇಗೆ ನಡೆದು ಬಂದಳೋ ಅವಳಿಗೇ ಗೊತ್ತಿಲ್ಲ. ಅಂಗಡಿಗೆ ಬಂದವಳು ತನ್ನ ಬಾಗಿಲಿಗೆ ಹೋಗದೆ ನೇರ ಬಲಗಡೆಯದಕ್ಕೆ ನುಗ್ಗಿದಳು. ತಂಗಿ ಗಿರಾಕಿಯೊಬ್ಬರಿಗೆ ಅಕ್ಷರದ ಹಲಗೆ ಓದಿಸುತ್ತಿದ್ದಳು. ಅವರು ಹೋಗುವವರೆಗೆ ಅಕ್ಕ ಗೋಡೆಗೊರಗಿ ನಿಂತಳು.

"ಪುಟ್ಟಿ, ಯಂತ್ರಕ್ಕೆ ನೀರು ಸುರಿದದ್ದು ನಾನು."

ತಂಗಿ ನಕ್ಕಳು. "ಏನಕ್ಕ ಇದು, ಅವನ ಹೆಂಡ್ತಿ ಮತ್ತೆ ಬಂದು ಅತ್ತಳಾ? ಅವನ ಮೇಲೆ ಕನಿಕರ ಅಂತ ನೀನು ತಲೆ ಕೊಡ್ತೀಯಾ?"

"ಹೊದಿಕೆ ತೆಗೆದು ಎಡಗಡೆ ಸ್ಟೂಲಿನ ಮೇಲಿಟ್ಟೆ. ಕಲ್ಲಿನ ಕೆಳಗಿನ ಬಕೆಟ್ ಪೂರ್ತಿ ಸುರಿದೆ. ಸ್ವಿಚ್ ಹಾಕಿದೆ. ಆಮೇಲೆ ನಿನ್ನ ಹಳದಿ ಒರೆಸೋ ಬಟ್ಟೇಲಿ ನೆಲ ಒರೆಸಿದೆ. ಆ ಬಟ್ಟೆ ಎಲ್ಲಿ ಹೋಯ್ತು ಅಂತ ನೀನು ಹುಡುಕ್ತಾ ಇದ್ದೆಯಲ್ಲ, ನನ್ನ ಡ್ರಾಯರಲ್ಲಿದೆ."

ತಂಗಿಯ ನಗು ಮುಖದ ಮೇಲೇ ಒಣಗಿತು. ಆಮೇಲೆ ಬಂದದ್ದು ಕೂಗಲ್ಲ, ಪಿಸುಮಾತು.

"ಯಾಕಕ್ಕ?"

"ಕೌಂಟರಲ್ಲಿ ಕೂತ್ಕೋ ಅಂದೆಯಲ್ಲ."

"ಅದಕ್ಕೆ?"

"ಅದಕ್ಕೇ."

ತಂಗಿ ಕುರ್ಚಿಯ ಮೇಲೆ ಕುಸಿದಳು. "ನಿನ್ನ ಬೆನ್ನು ನೋಯುತ್ತೆ ಅಂತ ಹೇಳಿದ್ದು ಕಣೇ ನಾನು," ಎಂದಳು. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಹದಿನೈದು ದಿನ! ಹದಿನೈದು ದಿನ ಅವನನ್ನ ಬೈಯ್ತಾ ಇದ್ದೀನಿ ನಾನು. ಠಾಣೆಗೆ ನಾಲ್ಕು ಸಲ ಹೋಗಿ ಬಂದೆ. ನೀನು ನನ್ನ ಕಾಫಿ ಕುಡೀತಾ ಕೂತಿದ್ದೆ!"

ಅಕ್ಕ ತನ್ನ ಕಡೆಗೆ ಹೋಗಿ ಆ ಹಳದಿ ಬಟ್ಟೆಯನ್ನು ತಂದು ಅವಳ ಮುಂದಿಟ್ಟಳು.

ಸಿಟ್ಟು ಎಷ್ಟಿದ್ದರೂ ಅಕ್ಕನನ್ನು ಠಾಣೆ ಹತ್ತಿಸಲು ತಂಗಿಗೆ ಮನಸ್ಸಿರಲಿಲ್ಲ. ಅಂದೇ ಸಂಜೆ ಪರಿಚಯದ ವಕೀಲರೊಬ್ಬರನ್ನು ಕರೆಸಿದಳು. ವಕೀಲರು ಮೃದುವಾದ ಮನುಷ್ಯ. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತ ಹೇಳಿದರು:

"ನೋಡಿ ತಾಯಿ, ಇದರಲ್ಲಿ ಕಾನೂನು ನೋಡೋದು ಮೂರು ವಿಷಯ. ವಸ್ತು ಇನ್ನೊಬ್ಬರದಾ? ಅದಕ್ಕೆ ನಷ್ಟ ಆಯ್ತಾ? ಬೇಕಂತ ಮಾಡಿದ್ದಾ? ಮೊದಲ ಎರಡಕ್ಕೆ ಹೌದು ಅನ್ನಲೇಬೇಕು. ಮೂರನೇದು ನಿಮ್ಮ ಕೈಲಿದೆ. ಯಂತ್ರಕ್ಕೆ ನೀರು ತುಂಬಿಸೋಣ ಅಂತ ಹೋದ್ರಿ. ಬಕೆಟ್ ಅದಲುಬದಲಾಯ್ತು. ಎಲ್ಲಿ ಹಾಕ್ಬೇಕು ಅಂತ ಗೊತ್ತಾಗದೆ ಮೇಲಿಂದ ಹಾಕಿದ್ರಿ. ಹೆದರಿಕೊಂಡು ಸುಮ್ಮನಿದ್ರಿ. ಇಷ್ಟು ಹೇಳಿಬಿಟ್ರೆ ಅಪರಾಧವೇ ನಿಲ್ಲಲ್ಲ. ತಿರುಪಣ್ಣನೂ ಪಾರು, ನೀವೂ ಪಾರು."

"ಹೌದಕ್ಕ, ಹಾಗೇ ಹೇಳು," ಎಂದಳು ತಂಗಿ. "ನಾನೂ ಹಾಗೇ ಅಂದ್ಕೋತೀನಿ. ದಯವಿಟ್ಟು."

ಆ ಕಡೆಯ ಮಾತು ಅಕ್ಕನಿಗೆ ಅರ್ಥವಾಯಿತು. ತಂಗಿ ಕೇಳುತ್ತಿದ್ದದ್ದು ಪೊಲೀಸರಿಗೆ ಹೇಳಲು ಒಂದು ಸುಳ್ಳನ್ನಲ್ಲ, ತಾನು ನಂಬಲು ಒಂದು ಸುಳ್ಳನ್ನು. "ಆಯ್ತು" ಎಂದಳು ಅಕ್ಕ. ರಾತ್ರಿ ಮಲಗುವ ಮುಂಚೆ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅದನ್ನೇ ಹೇಳಿಕೊಂಡಳು: ನೀರು ತುಂಬಿಸೋಣ ಅಂತ ಹೋದೆ, ಬಕೆಟ್ ಅದಲುಬದಲಾಯ್ತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ರೈಟರು, ನಿವೃತ್ತಿಗೆ ಹತ್ತಿರದ ಮುದುಕರು. ಅಕ್ಕನ ಗಿರಾಕಿ ಬೇರೆ. ಮೂಗಿನ ಮೇಲಿದ್ದದ್ದು ಅವಳೇ ಉಜ್ಜಿದ ಗಾಜು. ವಕೀಲರು ಪಕ್ಕದಲ್ಲಿದ್ದರು, ತಂಗಿ ಹೊರಗೆ ವರಾಂಡದಲ್ಲಿ, ತಿರುಪಣ್ಣನನ್ನು ದಿನವಿಡೀ ಕೂರಿಸಿದ್ದ ಅದೇ ಬೆಂಚಿನ ಮೇಲೆ ಕೂತಿದ್ದಳು.

ರೈಟರು ನಿಧಾನವಾಗಿ ಬರೆಯುತ್ತ ಬಂದರು. ದಿನಾಂಕ, ಹೊತ್ತು, ಯಾವ ಬಾಗಿಲಿಂದ ಹೋದದ್ದು. ಆಮೇಲೆ ಪೆನ್ನು ಎತ್ತಿ, ಅವಳಿಗೆ ದಾರಿ ತೋರಿಸುವ ದನಿಯಲ್ಲಿ ಕೇಳಿದರು: "ಕೈತಪ್ಪಿ ಆದದ್ದು ಅಲ್ವೇನಮ್ಮಾ?"

ಎಲ್ಲರೂ ಬಾಗಿಲು ತೆರೆದು ಹಿಡಿದು ನಿಂತಿದ್ದರು. ಅವಳು ದಾಟಿದರೆ ಸಾಕಿತ್ತು.

"ನನ್ನ ಕೈ ತಪ್ಪಲ್ಲ ಸಾರ್," ಎಂದಳು ಅಕ್ಕ. "ಮೂವತ್ತೇಳು ವರ್ಷದಿಂದ ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡಿದ ಕೈ ಇದು. ಬೇಕಂತಲೇ ಮಾಡಿದೆ. ಹಾಳಾಗ್ಲಿ ಅಂತಲೇ ಸುರಿದೆ. ಹಾಳಾಯ್ತಾ ಇಲ್ವಾ ಅಂತ ನೋಡೋಕೆ ಸ್ವಿಚ್ಚೂ ಹಾಕಿದೆ."

ವಕೀಲರು ಕಣ್ಣು ಮುಚ್ಚಿಕೊಂಡರು. ರೈಟರು, "ಇನ್ನೊಂದು ಸಲ ಯೋಚನೆ ಮಾಡಮ್ಮ, ಬರೆದ ಮೇಲೆ ಬರೆದದ್ದೇ" ಎಂದರು.

"ಬರ್ಕೊಳ್ಳಿ. ಇನ್ನೂ ಒಂದು ಬರ್ಕೊಳ್ಳಿ. ತಿರುಪಣ್ಣ ಮಾಡಿಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದೂ ಬೇಕಂತಲೇ."

ರೈಟರು ಪೆನ್ನು ಕೆಳಗಿಟ್ಟರು. "ಅದಕ್ಕೆ ಇಲ್ಲಿ ಜಾಗ ಇಲ್ಲಮ್ಮ," ಎಂದರು. "ನಿಮ್ಮ ಮೇಲಿರೋ ಸೆಕ್ಷನ್ನು ಯಂತ್ರದ್ದು."

ಕೇಸು ಕೋರ್ಟಿಗೆ ಹೋಯಿತು. ಎರಡು ತಿಂಗಳ ನಂತರ ಮೊದಲ ವಾಯಿದೆಗೆ ಅಕ್ಕ ಕಟಕಟೆಯಲ್ಲಿ ನಿಂತಳು. ಕೋಣೆ ಚಿಕ್ಕದು, ಫ್ಯಾನು ಕಿರ್ರೋ ಎನ್ನುತ್ತಿತ್ತು. ಅವಳ ಹಿಂದೆ ಇನ್ನೂ ಇಪ್ಪತ್ತು ಕೇಸಿನವರು ಕಾಯುತ್ತಿದ್ದರು. ಮ್ಯಾಜಿಸ್ಟ್ರೇಟರು ತಂಗಿಯ ವಯಸ್ಸಿನ ಹೆಂಗಸು. ಕಾಗದ ತಿರುವಿ, ದೂರು ಕೊಟ್ಟವರು ಒಪ್ಪಿದರೆ ಇಂಥದ್ದನ್ನು ರಾಜಿಯಲ್ಲಿ ಮುಗಿಸಬಹುದು ಎಂದು ವಿವರಿಸಿ, ತಂಗಿಯನ್ನು ಕೇಳಿದರು: "ನಿಮ್ಮ ಅಭಿಪ್ರಾಯ ಏನು?"

ತಂಗಿ ಆ ಎರಡು ತಿಂಗಳೂ ಅಕ್ಕನ ಹತ್ತಿರ ಬೇಕಾದಷ್ಟು ಮಾತ್ರ ಆಡಿದ್ದಳು. ಹಿಂದಿನ ಚಿಕ್ಕ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿದ್ದಿತ್ತು. ಅವಳು ಎದ್ದು ನಿಂತು, ಅಕ್ಕನನ್ನು ನೋಡದೆ, "ಯಂತ್ರದ ವಿಷಯಕ್ಕೆ ರಾಜಿ ಇದೆ ಮೇಡಂ. ಸರಿ ಮಾಡಿಸಿ ಕೊಟ್ಟಿದ್ದಾರೆ. ಅದರ ಬಗ್ಗೆ ನನಗೇನೂ ಇಲ್ಲ," ಎಂದಳು. ಉಳಿದದ್ದು ಏನು ಎಂದು ಮ್ಯಾಜಿಸ್ಟ್ರೇಟರು ಕೇಳಲಿಲ್ಲ. ಕೇಳುವುದು ಅವರ ಕೆಲಸವೂ ಅಲ್ಲ.

ಎಂಟು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಕ್ಕ ಕಟಕಟೆಯಿಂದ ಇಳಿಯಲಿಲ್ಲ.

"ಮೇಡಂ, ತಿರುಪಣ್ಣನ ಕಥೆ?"

"ಯಾರು?"

"ನಾನು ಮಾಡಿದ್ದಕ್ಕೆ ಠಾಣೇಲಿ ಕೂತವರು."

ಮ್ಯಾಜಿಸ್ಟ್ರೇಟರು ಕಡತ ನೋಡಿದರು. "ಅವರು ಈ ಕೇಸಿನಲ್ಲಿ ಇಲ್ಲ," ಎಂದರು. ಗಡಸಾಗಿ ಹೇಳಲಿಲ್ಲ. "ಅದನ್ನ ನೀವೇ ನೋಡ್ಕೋಬೇಕು."

ಕೋರ್ಟಿನಿಂದ ಬಂದ ದಿನ ಸಂಜೆಯೇ ಅಕ್ಕ ಗೂಡಂಗಡಿಗೆ ಹೋದಳು. ಮುಂಚೆಯೂ ಎರಡು ಸಲ ಬಂದಿದ್ದಳು. ಎರಡು ಸಲವೂ ಅವನ ಹೆಂಡತಿ, "ಅವರು ಇಲ್ಲ" ಎಂದು ಮುಖ ತಿರುಗಿಸಿದ್ದಳು. ಈ ಸಲ ಅವನೇ ಇದ್ದ. ಒಂದು ಹಳೆಯ ಫ್ಯಾನು ಬಿಚ್ಚಿಕೊಂಡಿದ್ದ.

"ತಿರುಪಣ್ಣ, ತಪ್ಪಾಯ್ತು."

ಅವನು ಫ್ಯಾನಿನಿಂದ ಕಣ್ಣೆತ್ತಲಿಲ್ಲ. "ಮುಗೀತಂತಲ್ಲ ಕೇಸು. ಅಕ್ಕತಂಗಿ ರಾಜಿಯಾದ್ರಂತೆ. ಒಳ್ಳೇದಾಯ್ತು."

"ನಿಮ್ಮ ಹತ್ರ ರಾಜಿ ಕೇಳೋಕೆ ಬಂದಿಲ್ಲ."

"ಯಂತ್ರ ಒಡೆದದ್ದು ಬಿಡಿ ಅಕ್ಕೋರೇ. ಸಿಟ್ಟು ಬಂದ್ರೆ ಮನುಷ್ಯ ಏನು ಬೇಕಾದ್ರೂ ಒಡೀತಾನೆ. ಠಾಣೇಲಿ ಕೂತದ್ದನ್ನೂ ಬಿಡಿ." ಈಗ ಅವನು ಕಣ್ಣೆತ್ತಿದ. "ನಂಬಿಕೆ ಇದೆ ಅಂದ್ರಲ್ಲ ಅವತ್ತು. ನಾನು ಮನೆಗೆ ಹೋಗಿ ಹೆಂಡ್ತಿಗೆ ಹೇಳಿ ಕುಣಿದಾಡಿಬಿಟ್ಟೆ, ಅಕ್ಕೋರು ನಂಬಿದ್ದಾರೆ ಅಂತ. ಅದನ್ನೊಂದು ನೀವು ಹೇಳಬಾರದಿತ್ತು."

ಅಕ್ಕ ನಿಂತೇ ಇದ್ದಳು. ಕಣ್ಣಲ್ಲಿ ನೀರು ಬಂತು, ಆದರೆ ಅವನ ಎದುರು ಅತ್ತರೆ ಅದೂ ಒಂದು ಮೋಸವಾದೀತು ಎನ್ನಿಸಿ ತಡೆದುಕೊಂಡಳು. "ನಾನೇನು ಮಾಡ್ಲಿ ಹೇಳಿ. ನೀವು ಹೇಳಿದ್ದು ಮಾಡ್ತೀನಿ."

ತಿರುಪಣ್ಣ ಕೈಗೆ ಅಂಟಿದ ಎಣ್ಣೆಯನ್ನು ಬಹಳ ಹೊತ್ತು ಒರೆಸಿದ.

"ಠಾಣೇಲಿ, ಕೋರ್ಟಲ್ಲಿ ನೀವು ಹೇಳಿದ್ದು ಅವರಿಗೆ ಗೊತ್ತು. ಈ ಬೀದಿಗೆ ಗೊತ್ತಿಲ್ಲ. ಅಕ್ಕ ಪಾಪ, ತಿರುಪಣ್ಣನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಂಡ್ರು ಅಂತ ಮಾತಾಡ್ಕೋತಾರೆ ಇಲ್ಲಿ. ನೀವು ದೇವತೆ ಆಗ್ಬಿಟ್ಟಿದ್ದೀರಿ, ನಾನು ಹಾಗೇ ಇದ್ದೀನಿ."

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗಿರಾಕಿಗಳು ಇತ್ತೀಚೆಗೆ ಯಾಕೆ ಅಷ್ಟು ಮೃದುವಾಗಿ ಮಾತಾಡಿಸುತ್ತಿದ್ದರು ಎನ್ನುವುದು ಈಗ ಹೊಳೆಯಿತು.

"ನಡೀರಿ," ಎಂದಳು. "ಎಲ್ಲಿಂದ ಶುರು ಮಾಡೋಣ?"

ಅವನು ಅವಳನ್ನೇ ನೋಡಿದ. ಆಮೇಲೆ ಅಂಗಿ ಸರಿಮಾಡಿಕೊಂಡು ಎದ್ದ.

ಮೊದಲು ಹೋದದ್ದು ದರ್ಜಿಯ ಅಂಗಡಿಗೆ. ಮೂವರು ಹೆಂಗಸರು ಅಳತೆ ಕೊಡಲು ಬಂದಿದ್ದರು. ತಿರುಪಣ್ಣ ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತ. ಅಕ್ಕ ಒಳಗೆ ಹೋಗಿ, ಗಂಟಲು ಸರಿಮಾಡಿಕೊಂಡು ಹೇಳಿದಳು: "ನನ್ನ ತಂಗಿ ಯಂತ್ರ ಹಾಳು ಮಾಡಿದ್ದು ನಾನು. ಹೊಟ್ಟೆಕಿಚ್ಚಿಗೆ, ಬೇಕಂತಲೇ ಮಾಡಿದ್ದು. ಯಾರನ್ನೂ ಉಳಿಸೋಕೆ ಹೇಳ್ತಾ ಇಲ್ಲ. ತಿರುಪಣ್ಣ ಬೈಸಿಕೊಳ್ಳೋವಾಗ ಬಾಯಿ ಮುಚ್ಚಿಕೊಂಡು ಇದ್ದದ್ದೂ ನಾನೇ."

ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು, "ಅಯ್ಯೋ, ಇರ್ಲಿ ಬಿಡಿ ಅಕ್ಕ, ಕೂತ್ಕೊಳ್ಳಿ" ಎಂದ. ಅಳತೆಗೆ ಬಂದವರಲ್ಲಿ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದಳು. ಅಕ್ಕ ಕೂರಲಿಲ್ಲ.

ಹಿಟ್ಟಿನ ಗಿರಣಿಯಲ್ಲಿ ಸದ್ದಿಗೆ ಕೇಳಿಸದೆ ಎರಡು ಸಲ ಕೂಗಿ ಹೇಳಬೇಕಾಯಿತು. ಎರಡನೆಯ ಸಲ ಗಿರಣಿಯವನು ಯಂತ್ರ ನಿಲ್ಲಿಸಿದ್ದರಿಂದ ಅವಳ ಕೂಗು ಅರ್ಧ ಬೀದಿಗೆ ಕೇಳಿತು. ತಕ್ಕಡಿ ಅಂಗಡಿಯವನು ಮುಖದ ಮೇಲೇ, "ನಿಮ್ಮಪ್ಪ ಇದ್ದಿದ್ರೆ ನಾಚಿಕೆಯಿಂದ ತಲೆ ತಗ್ಗಿಸ್ತಿದ್ರು" ಎಂದ. ಔಷಧಿ ಅಂಗಡಿಯವರು ಹೊರಗೆ ನಿಂತಿದ್ದ ತಿರುಪಣ್ಣನನ್ನು ಕರೆದು, ಒಳಗಿನ ಫ್ಯಾನು ತಿರುಗುತ್ತಿಲ್ಲ, ನೋಡುತ್ತೀರಾ ಎಂದು ಕೇಳಿದರು.

ಏಳನೆಯ ಅಂಗಡಿ ಮುಗಿಯುವ ಹೊತ್ತಿಗೆ ಅಕ್ಕನ ದನಿ ಒಡೆದಿತ್ತು. ತಿರುಪಣ್ಣ ಅಷ್ಟೂ ಹೊತ್ತು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಡೆದಿದ್ದ.

"ಇವತ್ತಿಗೆ ಸಾಕು," ಎಂದ.

"ಆ ಕಡೆ ಸಾಲು ಇನ್ನೂ ಇದೆಯಲ್ಲ."

"ನಾಳೆ ಹತ್ತು ಗಂಟೆಗೆ ಬನ್ನಿ. ಆಗ ಎಲ್ಲ ಬಾಗಿಲು ತೆಗೆದಿರ್ತಾರೆ." ಅಷ್ಟು ಹೇಳಿ, ಔಷಧಿ ಅಂಗಡಿಯ ಫ್ಯಾನು ನೋಡಲು ಏಣಿ ತರಬೇಕೆಂದು ಬೇಗ ಬೇಗ ಹೊರಟುಹೋದ.